ಗಡಿಯಾಚೆಯಿಂದ ಒಂದು ಗುಳಿಗೆ

ಅಟ್ಟದಿಂದ ಇಳಿಸಿದ ಸೂಟ್‌ಕೇಸಿನ ಧೂಳು ಒರೆಸಿ ತೆರೆದರೆ, ಮೊದಲು ಕೈಗೆ ಸಿಕ್ಕಿದ್ದು ಜೀನ್ಸ್ ಬಟ್ಟೆಯ ಒಂದು ಪುಟ್ಟ ಚೀಲ. ಮೂಗಿಗೆ ಹಿಡಿದೆ, ಇನ್ನೂ ಕರ್ಪೂರದ ವಾಸನೆ. ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲಿ ಮಿಕ್ಕ ತುಂಡುಗಳಿಗೇನು ಬರ ಹೇಳಿ. ನಮ್ಮ ದೊಡ್ಡವ್ವ ಅಂಥದೊಂದು ತುಂಡಿನಲ್ಲಿ ತನ್ನ ಮೊಬೈಲಿಗೆ ಅಂಗಿ ಹೊಲಿದು, ಲಾಡಿ ಹಾಕಿ, ಕೊರಳಿಗೆ ಕಟ್ಟಿಕೊಂಡು ನೇಪಾಳ ನೋಡಿ ಬಂದಿದ್ದಳು. ಜೊತೆಗೆ ಹೋದವನು ನಾನು. ಹಿಮಾಲಯಕ್ಕಿಂತ ಹೆಚ್ಚಾಗಿ ನಾನು ನೋಡಿದ್ದು ಈ ಚೀಲವನ್ನೇ.

ದೊಡ್ಡವ್ವ ಕುರುಗೋಡಿನವಳು. ಹೊರಡುವ ಮುಂಚೆ ಅವಳ ಓಣಿಯಲ್ಲಿ ಒಂದು ಸುದ್ದಿ ಓಡಾಡುತ್ತಿತ್ತು. ಯಾರೋ ಪರದೇಶಕ್ಕೆ ಹೋಗಿ ಎರಡು ಮಾತಾಡಿ ಬಂದರಂತೆ, ಬಿಲ್ಲು ನೋಡಿ ಮೂರು ದಿನ ಊಟ ಬಿಟ್ಟರಂತೆ. ಅದನ್ನು ಕೇಳಿದ ದೊಡ್ಡವ್ವ ಗಟ್ಟಿ ಮಾಡಿಬಿಟ್ಟಳು: ರೋಮಿಂಗಿಗೆ ಒಂದು ಪೈಸೆಯೂ ಇಲ್ಲ. ನಾನಾದರೂ ಬುದ್ಧಿ ಹೇಳಬೇಕಿತ್ತು. ಆದರೆ ಬಳ್ಳಾರಿಯ ನಮ್ಮ ಗಾಂಧಿನಗರದಲ್ಲಿ ನಾನೇ ದೊಡ್ಡ ಫೋನ್ ಪಂಡಿತ. ರೋಮಿಂಗ್ ಪ್ಯಾಕ್ ಹಾಕಿಸುವವರು ದಡ್ಡರು, ಎಲ್ಲ ಕಡೆ ವೈಫೈ ಇರುತ್ತದೆ ಎಂದು ಯಾತ್ರೆಯ ಬಸ್ಸಿನಲ್ಲಿ ಎಲ್ಲರಿಗೂ ಭಾಷಣ ಬಿಗಿದವನು ನಾನೇ. ಗಡಿ ದಾಟುವಾಗ ಅವಳ ಫೋನನ್ನು ಫ್ಲೈಟ್ ಮೋಡಿಗೆ ಹಾಕಿಕೊಟ್ಟೆ.

"ಬಾಯಿ ಮುಚ್ಚಿಸಿದ್ಯಾ ಇದರದ?" ಎಂದು ಕೇಳಿ, ಚೀಲದ ಲಾಡಿ ಬಿಗಿದಳು.

ಅಷ್ಟಕ್ಕೆ ಮುಗಿಯುತ್ತಿತ್ತು, ಖಾಸಿಂಬಿ ಚಿಗವ್ವ ಇಲ್ಲದಿದ್ದರೆ. ಖಾಸಿಂಬಿ ಒಂದು ಕಾಲಕ್ಕೆ ಕುರುಗೋಡಿನಲ್ಲಿ ದೊಡ್ಡವ್ವನ ಪಕ್ಕದ ಮನೆಯವಳು. ಈಗ ಸಿರುಗುಪ್ಪದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಬಿ.ಪಿ. ಏರಿ ಒಮ್ಮೆ ಬಿದ್ದಿದ್ದಳು. ಸಂಜೆಯ ಗುಳಿಗೆ ಒಂದು ದಿನವೂ ತಪ್ಪಬಾರದು ಎಂದಿದ್ದರು ಡಾಕ್ಟರು. ಆಕೆಯೋ, ದೊಡ್ಡವ್ವ ಫೋನಿನಲ್ಲಿ ಬೈದು ಹೇಳದ ಹೊರತು ನುಂಗುವವಳಲ್ಲ. ದೀಪ ಹಚ್ಚುವ ಹೊತ್ತಿಗೆ ಕರೆ ಹೋಗಲೇಬೇಕು. ವರ್ಷಗಟ್ಟಲೆ ನಡೆದುಬಂದ ಪದ್ಧತಿ ಇದು.

ಇದಕ್ಕೂ ನನ್ನ ಬಳಿ ಉಪಾಯವಿತ್ತು. ಸಂಜೆ ಗುಡಿ ಸುತ್ತುತ್ತಿರುತ್ತೇವೆಂದು, ಕಠ್ಮಂಡುವಿನ ಲಾಡ್ಜಿನ ವೈಫೈನಲ್ಲಿ ಬೆಳಿಗ್ಗೆಯೇ ದೊಡ್ಡವ್ವನ ದನಿ ರೆಕಾರ್ಡ್ ಮಾಡಿ ಸೊಸೆ ರಿಜ್ವಾನಳ ಮೊಬೈಲಿಗೆ ಕಳಿಸಿದೆ. ಸಂಜೆ ಹಾಕಿ ಕೇಳಿಸಿದರಾಯಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಮರುದಿನ ರಿಜ್ವಾನಳ ಉತ್ತರ ಬಂತು: "ಅತ್ತಿ ನುಂಗಲಿಲ್ಲರಿ. ನೀ ಉಂಡ್ಯಾ ಅಂತ ಫೋನಿಗೆ ಕೇಳಿದ್ರು. ಅದು ಮಾತಾಡಲಿಲ್ಲ. ಇದು ಆಕಿ ಅಲ್ಲ ಅಂದು ಮಕ್ಕೊಂಡ್ರು."

ದೊಡ್ಡವ್ವ ಮುಂದಿದ್ದ ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿದಳು. ನನಗೆ ಮೊದಲ ಸಲ ಭಯವಾಯಿತು.

ಆ ಸಂಜೆ ನಾವು ಪೋಖರಾದ ದಾರಿಯಲ್ಲಿದ್ದೆವು. ಬಸ್ಸು ಚಹಾಕ್ಕೆ ನಿಂತದ್ದೊಂದು ಸಣ್ಣ ಊರು. ಹೋಟೆಲಿನ ವೈಫೈ ಕೆಟ್ಟಿತ್ತು. ಈಗಲಾದರೂ ರೋಮಿಂಗ್ ಪ್ಯಾಕ್ ಹಾಕಿಸೋಣವೆಂದರೆ ಅದಕ್ಕೂ ಇಂಟರ್‌ನೆಟ್ ಬೇಕು. ಪಂಡಿತರು ಬೆಪ್ಪಾಗಿ ನಿಂತರು. ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಡಿಯಿಂದ ಅಂಗಡಿಗೆ ನಡೆದಳು. ಹಿಂದಿ ಬಾರದು, ನೇಪಾಳಿಯಂತೂ ದೂರ. ಕೊರಳ ಚೀಲದಿಂದ ಮೊಬೈಲು ತೆಗೆದು ತೋರಿಸುವುದು, ಕಿವಿಗೆ ಹಿಡಿಯುವುದು, ಕೈ ಮುಗಿಯುವುದು. ಕೊನೆಗೆ ಉಣ್ಣೆ ಟೋಪಿ ಮಾರುವ ಹೆಂಗಸೊಬ್ಬಳು ತನ್ನ ವೈಫೈ ಕೊಟ್ಟಳು. ಅಷ್ಟರಲ್ಲಿ ನಮ್ಮ ಬಸ್ಸು ಹಾರ್ನ್ ಹೊಡೆಯತೊಡಗಿತು.

"ದೊಡ್ಡವ್ವ, ಬಸ್ ಹೊಂಟೈತಿ," ಎಂದೆ.

"ಹೋದ್ರ ಹೋಗ್ಲಿ. ಬಸ್ ಇನ್ನೊಂದು ಬರ್ತೈತಿ. ಖಾಸಿಂಬಿ ಇನ್ನೊಬ್ಬಾಕಿ ಬರ್ತಾಳೇನು?" ಅಂಗಡಿಯ ಮೆಟ್ಟಿಲ ಮೇಲೆ ಕೂತೇಬಿಟ್ಟಳು.

ರಿಜ್ವಾನಳ ಮೊಬೈಲಿಗೆ ಕರೆ ಹತ್ತಿತು.

"ಲೇ ಖಾಸಿಂಬಿ, ಗುಳಿಗಿ ನುಂಗಿದ್ಯಾ?"

"ನೀ ಉಂಡ್ಯಾ?"

"ಇನ್ನಾ ಇಲ್ಲ."

"ಹಂಗಾರ ನಾನೂ ನುಂಗಿಲ್ಲ."

ದೊಡ್ಡವ್ವ ಕೈಚೀಲಕ್ಕೆ ಕೈ ಹಾಕಿ ಊರಿಂದ ಕಟ್ಟಿ ತಂದಿದ್ದ ಕಟಕ ರೊಟ್ಟಿ ತೆಗೆದಳು. ಫೋನಿನ ಹತ್ತಿರ ಹಿಡಿದು ಲಟಕ್ಕನೆ ಮುರಿದಳು. ಕಟಕಟ ಅಗಿದಳು. ಶೇಂಗಾ ಚಟ್ನಿಯೂ ಇಲ್ಲದ ಬರೀ ರೊಟ್ಟಿ.

"ಕೇಳಸ್ತಾ?"

"ಕೇಳಸ್ತು. ರಿಜ್ವಾನ, ನೀರು ತಾರವ್ವ."

ಬಸ್ಸಿನವರು ಬೈದರು. ಇಬ್ಬರಿಗೂ ಸೇರಿಸಿ ನಾನೊಬ್ಬನೇ ಬೈಸಿಕೊಂಡೆ. ಅಂದಿನಿಂದ ತಿರುಗಿ ಗಡಿ ದಾಟುವವರೆಗೂ ಪ್ರತಿ ಸಂಜೆ ವೈಫೈ ಹುಡುಕುವುದೇ ನನ್ನ ತೀರ್ಥಯಾತ್ರೆಯಾಯಿತು. ಒಂದು ದಿನವೂ ತಪ್ಪಲಿಲ್ಲ. ರೋಮಿಂಗಿಗೆ ಪೈಸೆಯೂ ಹೋಗಲಿಲ್ಲ.

ಊರಿಗೆ ಬಂದ ಮೇಲೆ ಪ್ರಸಾದ ಕೊಡಲು ನಾನೊಬ್ಬನೇ ಸಿರುಗುಪ್ಪಕ್ಕೆ ಹೋದೆ. ಖಾಸಿಂಬಿ ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ನಾನು ಸುಮ್ಮನಿರದೆ, "ಚಿಗವ್ವ, ಒಂದು ಗುಳಿಗಿ ಸಲುವಾಗಿ ಎಷ್ಟು ಕಾಡಿದಿ ನೋಡು," ಎಂದೆ.

ಅವಳು ಪ್ರಸಾದವನ್ನು ಪಕ್ಕಕ್ಕಿಟ್ಟಳು. "ಗುಳಿಗಿ ನುಂಗಾಕ ನಂಗೇನು ಬರಂಗಿಲ್ಲೇನಪಾ? ನಾ ಏನು ಕೂಸಾ? ನಿಮ್ಮ ದೊಡ್ಡಪ್ಪ ಹೋದ ಮ್ಯಾಲ ಆಕಿ ರಾತ್ರಿ ಉಣ್ಣಾದು ಬಿಟ್ಟಿದ್ಲು. ಒಬ್ಬಾಕಿಗಿ ಎದಕ್ಕ ಒಲಿ ಹಚ್ಚಬೇಕು ಅಂತಿದ್ಲು. ಆಕಿ ಉಣ್ಣಲಿ ಅಂತ ನಾ ಈ ಹಟ ಹಿಡಿದೀನಿ. ಆಕಿ ಮುಂದ ಅನಬ್ಯಾಡ ಮತ್ತ."

ದೊಡ್ಡವ್ವ ರಾತ್ರಿ ಉಣ್ಣುತ್ತಿರಲಿಲ್ಲ ಎಂಬುದು ಸ್ವಂತ ಮಗನಂತಿದ್ದ ನನಗೇ ಗೊತ್ತಿರಲಿಲ್ಲ, ದೂರದ ಸಿರುಗುಪ್ಪದಲ್ಲಿ ಕೂತವಳಿಗೆ ಗೊತ್ತಿತ್ತು.

ಮುಂದಿನ ವಾರ ಮತ್ತೆ ಹೊರಟಿದ್ದೇವೆ, ಈ ಸಲ ಶ್ರೀಲಂಕಾಕ್ಕೆ. ರೋಮಿಂಗಿಗೆ ಪೈಸೆಯೂ ಕೊಡಬಾರದೆಂದು ದೊಡ್ಡವ್ವ ಆಗಲೇ ಎರಡು ಸಲ ಎಚ್ಚರಿಸಿದ್ದಾಳೆ. ನಾನು ಹೂಂಗುಟ್ಟಿ, ಇವತ್ತು ಬೆಳಿಗ್ಗೆ ಅವಳ ನಂಬರಿಗೆ ಎಲ್ಲಕ್ಕಿಂತ ದೊಡ್ಡ ಪ್ಯಾಕನ್ನೇ ಹಾಕಿಸಿ ಬಂದೆ. ಇಬ್ಬರಿಗೂ ಹೇಳಿಲ್ಲ.