ಗಾಜು ಮಲಗಿಸಿದ ಜೀಪು

ಅಂಗಡಿ ನಮ್ಮ ಮನೆಯಿಂದ ನಲವತ್ತು ಹೆಜ್ಜೆ. ಅಲ್ಲಿಗೆ ಹೋಗಿ ಒಂದು ಉಂಡೆ ದಾರ ತರಬೇಕಿತ್ತು, ತರಲಿಲ್ಲ. ನಾನು ಮಾಡದೆ ಬಿಟ್ಟ ಕೆಲಸಗಳು ಬೇಕಾದಷ್ಟಿವೆ. ಎಂಟನೇ ಕ್ಲಾಸು ಪಾಸು ಮಾಡಲಿಲ್ಲ. ಹೇಳಿದ ದಿನಕ್ಕೆ ಯಾರ ಗಾಡಿಯನ್ನೂ ರಿಪೇರಿ ಮಾಡಿಕೊಟ್ಟವನಲ್ಲ. ಅದಕ್ಕೆಲ್ಲ ಜನ ಬೈದಿದ್ದಾರೆ, ಬೈದು ಮರೆತಿದ್ದಾರೆ. ಈ ದಾರದ ವಿಷಯಕ್ಕೆ ಮಾತ್ರ ಹದಿನಾರು ವರ್ಷ ಯಾರೂ ಬೈಯಲಿಲ್ಲ. ಯಾಕೆಂದರೆ ಯಾರಿಗೂ ಗೊತ್ತಿರಲಿಲ್ಲ.

ಪುಟ್ಟೇನಹಳ್ಳಿಯ ನಮ್ಮ ಮನೆ ಮುಂದೆ ಒಂದು ಹಳೆಯ ಜೀಪಿದೆ. ಹಾಲಿನ ಕ್ಯಾನು ಸಾಗಿಸಲು ಅಪ್ಪ ಕೊಂಡದ್ದು. ಹಸುಗಳು ಹೋದವು, ಹೊಲ ಹೋಯಿತು, ಹೊಲದ ಮೇಲೆ ಅಪಾರ್ಟ್‌ಮೆಂಟ್ ಎದ್ದಿತು, ಅಪ್ಪನೂ ಹೋದ. ಜೀಪು ಉಳಿಯಿತು. ಅದರ ಮುಂದಿನ ಗಾಜನ್ನು ಚೌಕಟ್ಟಿನ ಸಮೇತ ಬಾನೆಟ್ಟಿನ ಮೇಲೆ ಮಲಗಿಸಬಹುದು. ಒಳಗಡೆಯ ಎರಡು ಕೊಕ್ಕೆ ಬಿಚ್ಚಿ ಮುಂದಕ್ಕೆ ಬಾಗಿಸಿದರೆ ಸಾಕು, ಹಟ ಮಾಡದ ಮಗುವಿನ ಹಾಗೆ ಮಲಗಿಬಿಡುತ್ತದೆ.

ಗಾಜನ್ನು ಮಲಗಿಸುವ ಈ ಬುದ್ಧಿ ಯಾರಿಗೆ, ಯಾಕೆ ಬಂತು ಅಂತ ನನಗೆ ಬಹಳ ದಿನ ಗೊತ್ತಿರಲಿಲ್ಲ. ಜಯನಗರದಿಂದ ನನ್ನ ಗ್ಯಾರೇಜಿಗೆ ಬರುತ್ತಿದ್ದ ರಿಟೈರ್ಡ್ ಹವಾಲ್ದಾರರೊಬ್ಬರು ಬಿಡಿಸಿ ಹೇಳಿದರು. ಮೊದಲಿಗೆ ಇದು ಯುದ್ಧಕ್ಕೆ ಮಾಡಿದ ಗಾಡಿಯಂತೆ. ಬಿಸಿಲಿಗೆ ಗಾಜು ಮಿಂಚಿದರೆ ದೂರದಲ್ಲಿರುವ ಶತ್ರುವಿಗೆ ಕಾಣುತ್ತದೆ, ಕಾಣದಿರಲಿ ಅಂತ ಮಲಗಿಸುತ್ತಿದ್ದರಂತೆ. ಜೆ.ಪಿ. ನಗರದಲ್ಲಿ ನನಗೆ ಶತ್ರುಗಳು ಯಾರೂ ಇರಲಿಲ್ಲ. ನಾನು ಮಲಗಿಸುತ್ತಿದ್ದುದು ಎಲ್ಲರಿಗೂ ಕಾಣಲಿ ಅಂತ.

ಗಾಜಿಲ್ಲದೆ ಓಡಿಸುವ ಸುಖವೇ ಬೇರೆ. ಮೂವತ್ತರಲ್ಲಿ ಹೋದರೆ ಗಾಳಿ ಮುಖ ಒರೆಸುತ್ತದೆ, ಐವತ್ತಕ್ಕೆ ಹೋದರೆ ಅದೇ ಗಾಳಿ ಕಪಾಳಕ್ಕೆ ಹೊಡೆಯುತ್ತದೆ. ಕಣ್ಣು ಮುಚ್ಚಿದ್ದರೂ ಯಾವ ಬೀದಿ ಅಂತ ಮೂಗು ಹೇಳುತ್ತದೆ: ಇದು ಕಾಫಿಪುಡಿ ಬೀಸುವ ಅಂಗಡಿ, ಇದು ಕೆರೆ ಏರಿ. ಹಲ್ಲು ಬಿಡುವ ಸ್ವಭಾವದವರು ಮಾತ್ರ ಈ ಗಾಡಿ ಹತ್ತಬಾರದು. ಸಂಜೆ ಕೆರೆ ಪಕ್ಕ ನಕ್ಕುಕೊಂಡು ಹೋದರೆ ಮನೆ ಸೇರುವಷ್ಟರಲ್ಲಿ ಅರ್ಧ ಊಟ ಆಗಿರುತ್ತದೆ, ಅದೂ ಮಾಂಸಾಹಾರ. ಇನ್ನು ಕಣ್ಣು. ಗಾಳಿಗೆ ತಂತಾನೇ ನೀರು ಸುರಿಯುತ್ತದೆ, ಯಾರೂ ಕಾರಣ ಕೇಳುವುದಿಲ್ಲ. ಅಪ್ಪ ತೀರಿಕೊಂಡ ವರ್ಷ ಬನಶಂಕರಿವರೆಗೂ ಸುಮ್ಮಸುಮ್ಮನೆ ಹೋಗಿ ಬರುತ್ತಿದ್ದೆ.

ನಮ್ಮ ಮನೆಯಲ್ಲಿ ಗಾಜು ಮಲಗಿಸಲೇಬೇಕಾದ ದಿನವೊಂದಿತ್ತು, ಆಯುಧಪೂಜೆ. ಅವ್ವನದು ಧಾರಾಳದ ಕೈ. ಗಾಜಿನ ಈ ತುದಿಯಿಂದ ಆ ತುದಿಗೆ ಮೂರು ಪಟ್ಟೆ ವಿಭೂತಿ ಬಳಿದು, ನಡುವೆ ತಟ್ಟೆಯಗಲ ಕುಂಕುಮ ಇಡುತ್ತಿದ್ದಳು. ಒಳಗೆ ಕೂತವನಿಗೆ ದೇವರು ಕಾಣಬೇಕೇ ಹೊರತು ರಸ್ತೆ ಕಾಣುತ್ತಿರಲಿಲ್ಲ. ಪೂಜೆಯ ಗುರುತನ್ನು ಅವತ್ತೇ ಒರೆಸುವುದು ನಮ್ಮಲ್ಲಿ ಅಪಶಕುನ. ಪೂಜೆಯಾದ ಗಾಡಿಯನ್ನು ಒಂದು ಸುತ್ತು ಓಡಿಸದಿರುವುದೂ ಅಪಶಕುನ. ಎರಡು ಅಪಶಕುನಗಳ ನಡುವೆ ನಾವು ಕಂಡುಕೊಂಡ ದಾರಿ, ಗಾಜು ಮಲಗಿಸುವುದು.

ಹದಿನಾರು ವರ್ಷದ ಹಿಂದಿನ ಆ ಹಬ್ಬಕ್ಕೆ ಅಕ್ಕ ಸುಬ್ರಹ್ಮಣ್ಯಪುರದ ಗಂಡನ ಮನೆಯಿಂದ ಬಂದಿದ್ದಳು. ಹೆಸರು ಜಯಮ್ಮ. ನನಗಿಂತ ಆರು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ತೋಳಿನಷ್ಟು ದಪ್ಪದ ಚೆಂಡುಹೂವಿನ ಹಾರವನ್ನು ಬಾನೆಟ್ಟಿನ ಮೇಲೆ ಅಡ್ಡಡ್ಡ ಹಾಕಿ, ತುದಿಗಳನ್ನು ಎರಡು ಕಡೆಯ ಕನ್ನಡಿ ಕಂಬಿಗೆ ಕಟ್ಟಬೇಕಿತ್ತು. ಮನೆಯಲ್ಲಿ ದಾರ ಮುಗಿದಿತ್ತು. ನಾನು ಗ್ಯಾರೇಜಿನಿಂದ ಹಳೆ ಕ್ಲಚ್ ಕೇಬಲ್ಲಿನ ಒಂದು ಎಳೆ ಬಿಡಿಸಿ ತಂದೆ. ಅಕ್ಕ ನೋಡಿದವಳೇ, “ತಂತಿ ಬೇಡ ಕಣೋ ನಾಗ, ಹೂ ಕತ್ತರಿಸುತ್ತೆ. ಅಂಗಡಿಗೆ ಹೋಗಿ ದಾರ ತಗೊಂಬಾ” ಅಂದಳು. ಅವಳು ಹೂವಿನ ಬಗ್ಗೆ ಯೋಚಿಸಿದಳು. ನಾನು ಯಾವುದರ ಬಗ್ಗೆಯೂ ಯೋಚಿಸಲಿಲ್ಲ. ಹೂಂ ಅಂದು ತಂತಿಯನ್ನೇ ಸುತ್ತಿ, ಕಾಣದ ಹಾಗೆ ಹೂವು ಸರಿಸಿ ಮುಚ್ಚಿದೆ. ನಾಲ್ಕು ಬೆರಳು ಉಳಿದ ತುದಿಯನ್ನು ಕತ್ತರಿಸಲೂ ಇಲ್ಲ, ಮಡಿಸಲೂ ಇಲ್ಲ.

ನಿಂಬೆಹಣ್ಣು ತುಳಿಸಿ ಹೊರಟೆವು. ನನ್ನ ಕಣ್ಣಿಗೆ ಕೂಲಿಂಗ್ ಗ್ಲಾಸಿತ್ತು. ರಕ್ಷಣೆಗೆ ಅಲ್ಲ, ಶೋಕಿಗೆ. ಎಡಗಡೆ ಅಕ್ಕ ಕೂತಿದ್ದಳು, ನನ್ನ ಗತ್ತು ನೋಡಿ ನಗುತ್ತಿದ್ದಳು. ಜೆ.ಪಿ. ನಗರದ ಅಗಲ ರಸ್ತೆ ಸಿಕ್ಕಿದ್ದೇ ತಡ, ಆಕ್ಸಿಲೇಟರ್ ಒತ್ತಿದೆ. ಗಾಳಿ ಹಾರದ ಕೆಳಗೆ ನುಗ್ಗಿ ಅದನ್ನು ಎತ್ತಿತು. ಎಡಗಡೆಯ ತಂತಿ ಬಿಚ್ಚಿಕೊಂಡು ಚಾಟಿಯ ಹಾಗೆ ಹಿಂದಕ್ಕೆ ಬೀಸಿತು. ಅಕ್ಕ ಕಿರುಚಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಏನೋ ಬಿತ್ತು ಕಣೋ ಅಂದಳು, ಅಷ್ಟೇ.

ಗಾಡಿ ನಿಲ್ಲಿಸಿದೆ. ಅವಳು ಇನ್ನೊಂದು ಕಣ್ಣು ಬಿಡುವ ಮೊದಲೇ ತಂತಿಯನ್ನು ಕಿತ್ತು ಮೋರಿಗೆ ಎಸೆದೆ. ಅಷ್ಟು ಚುರುಕಾಗಿ ನಾನು ಯಾವ ಕೆಲಸವನ್ನೂ ಮಾಡಿದವನಲ್ಲ. ಮುಂದಿನ ಲಾರಿ ಚಕ್ರದಿಂದ ಕಲ್ಲು ಹಾರಿತು ಅಂದೆ. ಮುಂದೆ ಲಾರಿಯೇ ಇರಲಿಲ್ಲ. ಹಬ್ಬದ ದಿನ, ಲಾರಿಗಳೆಲ್ಲ ಬಾಳೆಕಂದು ಕಟ್ಟಿಸಿಕೊಂಡು ಅವರವರ ಮನೆ ಮುಂದೆ ನಿಂತಿದ್ದವು.

ಕಲ್ಲು ತಾನೇ ಅಂತ ಅವ್ವ ಸೆರಗಿನ ಉಂಡೆಗೆ ಬಿಸಿಯುಸಿರು ಊದಿ ಊದಿ ಕಣ್ಣಿಗೆ ಒತ್ತಿದಳು. ನಂದಿಬಟ್ಟಲ ಹೂವು ನೆನೆಸಿದ ನೀರು ಬಿಟ್ಟಳು. ಎರಡು ದಿನ ಹಾಗೇ ಹೋಯಿತು. ಮೂರನೆಯ ದಿನ ಕರೆದುಕೊಂಡು ಹೋದಾಗ ಡಾಕ್ಟರು ನನ್ನನ್ನೇ ಕೇಳಿದರು, ಕಲ್ಲೋ ಕಬ್ಬಿಣವೋ ಅಂತ. ಕಲ್ಲು ಸಾರ್ ಅಂದೆ. ಕಬ್ಬಿಣ ಅಂದಿದ್ದರೆ ಏನಾದರೂ ಬೇರೆ ಆಗುತ್ತಿತ್ತೋ ಏನೋ. ಇವತ್ತಿಗೂ ಯಾವ ಡಾಕ್ಟರನ್ನೂ ಕೇಳುವ ಧೈರ್ಯ ನನಗಿಲ್ಲ. ಅಕ್ಕನ ಎಡಗಣ್ಣು ಹೋಯಿತು.

ಅವ್ವ ಸಾಯುವವರೆಗೂ ಆ ಲಾರಿಯವನನ್ನು ಶಪಿಸಿದಳು. ಅವನ ಕೈಗೆ ಲಕ್ವ ಹೊಡೆಯಲಿ ಅನ್ನುತ್ತಿದ್ದಳು. ನಾನು ಪಕ್ಕದಲ್ಲೇ ಕೂತು, ಅದೇ ಕೈಯಲ್ಲಿ ಮುದ್ದೆ ಮುರಿಯುತ್ತಿದ್ದೆ. ಅಕ್ಕನೇ ಅವನ ಪರ ವಹಿಸುತ್ತಿದ್ದಳು. “ಬಿಡವ್ವ, ಪಾಪ. ಅವನಿಗೆ ಗೊತ್ತಾಗಿದ್ರೆ ನಿಲ್ಲಿಸ್ತಿರಲಿಲ್ವಾ?” ಈ ಮಾತಿನ ಮುಂದೆ ಅವ್ವನ ಶಾಪ ಏನೂ ಅಲ್ಲ.

ಅಕ್ಕ ಕಾಫಿ ಬಗ್ಗಿಸುವಾಗ ಲೋಟದ ಅಂಚಿಗೆ ಒಂದು ಬೆರಳು ಇಟ್ಟುಕೊಳ್ಳುತ್ತಾಳೆ. ಇಲ್ಲದಿದ್ದರೆ ಕಾಫಿ ಹೊರಗೆ ಬೀಳುತ್ತದೆ. ಆ ಬೆರಳಿನ ತುದಿ ಯಾವಾಗಲೂ ಕೆಂಪಗಿರುತ್ತದೆ. ನಾನು ಜೀಪಿನ ಗಾಜಿಗೆ ಬೋಲ್ಟು ಹಾಕಿ, ಮತ್ತೆ ಮಲಗದ ಹಾಗೆ ಬಿಗಿದುಬಿಟ್ಟೆ. ಅದನ್ನು ನೋಡಿ, ಅಕ್ಕನ ಮೇಲೆ ಎಷ್ಟು ಪ್ರಾಣ ಅಂತ ಊರಿನವರು ಹೊಗಳಿದರು. ಬೈಗುಳ ತಿಂದು ಬೆಳೆದ ಮೈ ನನ್ನದು, ಹೊಗಳಿಕೆ ಇಷ್ಟು ನೋಯುತ್ತದೆ ಅಂತ ಆಗಲೇ ತಿಳಿದದ್ದು.

ಹೋದ ತಿಂಗಳು ಅಕ್ಕನ ಉಳಿದ ಕಣ್ಣಿಗೂ ಪೊರೆ ಬಂತು. ಭಾವನಿಗೆ ಆಸ್ಪತ್ರೆಯ ವಾಸನೆಗೇ ತಲೆ ಸುತ್ತುತ್ತದೆ, ಹಾಗಾಗಿ ನಾನೇ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು, ಎಡಗಣ್ಣು ಹೇಗೆ ಹೋಯಿತು ಅಂತ ವಿಚಾರಿಸಿದರು. ಅಕ್ಕ ಹೆಮ್ಮೆಯಿಂದಲೇ ಹೇಳಿದಳು. “ಲಾರಿ ಕಲ್ಲು ಮೇಡಂ. ಇವನೇ ನನ್ನ ತಮ್ಮ. ಅವತ್ತಿಂದ ಪಾಪ ಗಾಡಿ ಗಾಜೇ ಇಳಿಸಿಲ್ಲ.” ಡಾಕ್ಟರು ಬರೆದುಕೊಂಡರು. ಇಷ್ಟು ವರ್ಷ ಬಾಯಲ್ಲಿ ಓಡಾಡಿಕೊಂಡಿದ್ದ ನನ್ನ ಸುಳ್ಳು ಕಾಗದದ ಮೇಲೆ ಹತ್ತಿತು. ಆಮೇಲೆ ಆ ಕಾಗದವನ್ನೇ ನನ್ನ ಕಡೆ ತಿರುಗಿಸಿ, ಮನೆಯವರು ಸಹಿ ಹಾಕಿ ಅಂದರು. ನನಗೆ ಓದು ಕಮ್ಮಿ, ಆದರೆ ಸಹಿ ಚೆನ್ನಾಗಿ ಹಾಕುತ್ತೇನೆ. ಅವತ್ತು ಕೈ ಏಳಲಿಲ್ಲ. ಐದು ನಿಮಿಷ ಮೇಡಂ ಅಂದು ಹೊರಗೆ ಬಂದು ಬೆಂಚಿನ ಮೇಲೆ ಕೂತೆ.

ಅಕ್ಕ ಗೋಡೆ ಹಿಡಿದು ಹಿಂದೆಯೇ ಬಂದು ಕೂತಳು. “ಆಪರೇಷನ್ ನನಗೆ ಕಣೋ, ಭಯ ನಿನಗಾ?” ಅಂತ ಗೇಲಿ ಮಾಡಿದಳು. ಆಮೇಲೆ ದನಿ ತಗ್ಗಿಸಿದಳು. ನಂಗೂ ಭಯಾನೇ ಅಂದಳು. ಮತ್ತೆ ತಾನೇ ಸಮಾಧಾನ ಮಾಡಿಕೊಂಡಳು. “ಇದೂ ಹೋದ್ರೆ ಏನೀಗ, ನೀನಿದ್ದೀಯಲ್ಲ.”

ಎಲ್ಲಿ ಕೂತರೂ ನಾನು ಅವಳ ಎಡಗಡೆಯೇ ಕೂರುವವನು. ಅವಳಿಗೆ ಆ ಪಕ್ಕ ಆಸರೆಯಾಗಲಿ ಅಂತ ಎಲ್ಲರೂ ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ, ಅವಳಿಗೆ ನನ್ನ ಮುಖ ಕಾಣದಿರಲಿ ಅಂತ. ಅವತ್ತು ಎದ್ದು ಬಲಗಡೆಗೆ ಹೋಗಿ ಕೂತೆ. ಪೊರೆ ಬಂದ ಕಣ್ಣಿಗೆ ಎಷ್ಟು ಕಂಡಿತೋ ಗೊತ್ತಿಲ್ಲ, ಯಾಕೋ ಅಳ್ತಿದ್ದೀಯ ಅಂತ ಕೇಳಿದಳು. ಅಲ್ಲಿ ಗಾಳಿ ಇರಲಿಲ್ಲ, ನೆಪ ಹೇಳಲು ಆಗಲಿಲ್ಲ.

“ಅಕ್ಕ, ಅವತ್ತು ಲಾರಿ ಇರಲಿಲ್ಲ, ಕಲ್ಲೂ ಇರಲಿಲ್ಲ. ನೀನು ಬೇಡ ಅಂದ್ರೂ ನಾನು ತಂತೀಲೇ ಹಾರ ಕಟ್ಟಿದ್ದೆ. ಅದೇ ಬಿಚ್ಕೊಂಡು ನಿನ್ನ ಕಣ್ಣಿಗೆ ಹೊಡೀತು. ಅವ್ವನಿಗೂ ಸುಳ್ಳು ಹೇಳ್ದೆ, ಡಾಕ್ಟರಿಗೂ ಸುಳ್ಳು ಹೇಳ್ದೆ. ನಿನ್ನ ಕಣ್ಣು ಕಳೆದವನು ನಾನೇ. ತಪ್ಪಾಯ್ತು ಕಣಕ್ಕ.”