ಬಂದರಿನ ಬೆಂಚಿನ ಮೇಲೆ ನರ್ಸಮ್ಮ

ನಮ್ಮ ನರ್ಸಮ್ಮನ ಬಲಭುಜ ಎಡಭುಜಕ್ಕಿಂತ ಎರಡು ಬೆರಳಿನಷ್ಟು ತಗ್ಗಿತ್ತು. ಸೂಜಿ, ಹತ್ತಿ, ಔಷಧಿ, ಮಕ್ಕಳನ್ನು ತೂಗುವ ತಕ್ಕಡಿ, ಲಸಿಕೆಯ ಡಬ್ಬ ಎಲ್ಲವನ್ನೂ ತುಂಬಿದ ಚೀಲವನ್ನು ಅದೇ ಭುಜಕ್ಕೆ ಹಾಕಿಕೊಂಡು ಬೈರಕೂರಿನ ಸುತ್ತಲಿನ ಹಳ್ಳಿಗಳನ್ನು ಮೂವತ್ತು ವರ್ಷಕ್ಕೂ ಮೀರಿ ಸುತ್ತಿದವರು ಅವರು. ಚೀಲ ಇಳಿಸಿದ ಮೇಲೂ ಭುಜ ಮೇಲೇಳಲಿಲ್ಲ. ನಡಿಗೆಯಂತೂ ಓಟವೇ. ಅವರ ಜೊತೆ ಮಾತಾಡಬೇಕಾದವರು ಅರ್ಧ ನಡೆದು ಅರ್ಧ ಓಡಿ ಮಾತಾಡಬೇಕಾಗುತ್ತಿತ್ತು. ಅವರು ಕೂತು ಊಟ ಮಾಡಿದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ ನೆನಪಿಲ್ಲ. ಬಾಗಿಲಲ್ಲಿ ನಿಂತು, ಕೈಯಲ್ಲೇ ತಟ್ಟೆ ಹಿಡಿದು, ಕಣ್ಣು ರಸ್ತೆಯ ಮೇಲಿಟ್ಟು ಮುದ್ದೆ ನುಂಗುತ್ತಿದ್ದರು. ಯಾರಾದರೂ ಕರೆಯಲು ಬರುತ್ತಾರೆ ಎಂದು ಅವರಿಗೆ ಗೊತ್ತಿರುತ್ತಿತ್ತು. ಬರುತ್ತಲೂ ಇದ್ದರು.

ನಾನು ಹುಟ್ಟಿದ್ದು ಅವರ ಕೈಯಲ್ಲಿ. ನನ್ನ ತಮ್ಮ, ನನ್ನ ಚಿಕ್ಕಪ್ಪನ ಮಕ್ಕಳು, ನಮ್ಮ ಬೀದಿಯ ಮುಕ್ಕಾಲು ಪಾಲು ಜನ ಹುಟ್ಟಿದ್ದೂ ಅವರ ಕೈಯಲ್ಲೇ. ನೋವು ತಿನ್ನುವ ಹೆಂಗಸಿನ ಹಣೆಯ ಮೇಲೆ ಅಂಗೈ ಇಟ್ಟು "ಏಂ ಕಾದು ತಲ್ಲಿ, ಏಂ ಕಾದು" ಅನ್ನುವರಂತೆ. ಏನೂ ಆಗಲ್ಲ ಎಂದು ನಮ್ಮ ಕಡೆಯ ತೆಲುಗಿನಲ್ಲಿ. ಆ ಮಾತು ಕೇಳಿದರೆ ಅರ್ಧ ನೋವು ಹೋಗುತ್ತಿತ್ತು ಎಂದು ನನ್ನ ಅಮ್ಮ ಈಗಲೂ ಹೇಳುತ್ತಾಳೆ. ಅವರು ಮದುವೆಯಾಗಲಿಲ್ಲ. ಯಾಕೆ ಎಂದು ಯಾರೋ ಕೇಳಿದಾಗ, "ಪುರುಸೊತ್ತು ಎಲ್ಲಿತ್ತಮ್ಮ?" ಅಂದು ನಕ್ಕಿದ್ದರು. ಅದು ತಮಾಷೆಯೋ ನಿಜವೋ ನಮಗೆ ತಿಳಿಯಲಿಲ್ಲ.

ಅವರ ನಿವೃತ್ತಿಯ ದಿನ ಬೈರಕೂರಿನ ಆರೋಗ್ಯ ಕೇಂದ್ರದ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಆಗ ನಾನು ಮುಳಬಾಗಿಲಿನ ಪ್ರೌಢಶಾಲೆಯಲ್ಲಿ ಟೀಚರಾಗಿದ್ದೆ. ನರ್ಸಮ್ಮನೂ ಮುಳಬಾಗಿಲಿನಲ್ಲೇ ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗೆ ಇದ್ದರು. ಸೇವಂತಿಗೆಯ ದೊಡ್ಡ ಹಾರ ಹಾಕಿ, ಶಾಲು ಹೊದಿಸಿ, ಎರಡು ಮಾತಾಡಿ ಎಂದು ಮೈಕ್ ಕೊಟ್ಟರು. ಅವರು "ಎಲ್ಲರಿಗೂ ನಮಸ್ಕಾರ" ಅನ್ನುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಗದ್ದಲವಾಯಿತು. ಪಕ್ಕದ ಹಳ್ಳಿಯಿಂದ ಆಟೋದಲ್ಲಿ ಒಬ್ಬ ಹುಡುಗಿಯನ್ನು ಕರೆತಂದಿದ್ದರು, ಮಗು ಅರ್ಧ ದಾರಿಗೆ ಬಂದಿತ್ತು. ನರ್ಸಮ್ಮ ಮೈಕನ್ನು ಪಕ್ಕದವರ ಕೈಗೆ ತುರುಕಿ, ಹಾರ ತೆಗೆಯಲೂ ನಿಲ್ಲದೆ ಒಳಗೆ ಓಡಿದರು. ನಾವೆಲ್ಲ ಅವರ ಬೀಳ್ಕೊಡುಗೆಯ ಊಟವನ್ನು ಅವರಿಲ್ಲದೆಯೇ ಉಂಡೆವು. ಮಧ್ಯಾಹ್ನ ಕಳೆದ ಮೇಲೆ ಅವರು ಹೊರಗೆ ಬಂದರು. ಹಾರದ ಹೂವೆಲ್ಲ ಉದುರಿ ದಾರ ಉಳಿದಿತ್ತು. ಪಾತ್ರೆಯ ತಳದಲ್ಲಿ ಉಳಿದಿದ್ದ ತಣ್ಣನೆಯ ಪಾಯಸವನ್ನು ನಿಂತುಕೊಂಡೇ ಕುಡಿದು, "ಹೆಣ್ಣು ಮಗು. ಜೋರಾಗಿ ಅತ್ತಳು" ಅಂದರು.

ಆ ವಾರದ ಕೊನೆಗೆ ನಮ್ಮ ಮನೆಯ ಮೆಟ್ಟಿಲ ಮೇಲೆ ಬಂದು ಕೂತರು. ಅವರು ಕೂತದ್ದೇ ನನಗೆ ಗಾಬರಿ.

"ಏನಾಯ್ತು ನರ್ಸಮ್ಮ? ಹುಷಾರಿಲ್ವಾ?"

"ಚೆನ್ನಾಗೇ ಇದೀನಿ ಕಣೇ. ಒಂದು ಕೆಲಸ ಇದೆ ನಿನ್ನ ಹತ್ರ. ನಿನ್ನ ಫೋನಲ್ಲಿ ಎಲ್ಲಾ ನೋಡ್ಬೋದಲ್ಲ? ಹಡಗು ಬಂದು ನಿಲ್ಲೋ ಊರು ಯಾವುದಾದ್ರೂ ನೋಡು. ಹೊರದೇಶದ್ದು. ನಾನು ಹೋಗ್ತೀನಿ."

ನಾನು ನಗಲಿಲ್ಲ ಎಂಬುದೇ ನನಗೀಗ ಸಮಾಧಾನ. ಯಾಕೆ ಹಡಗು ಎಂದಷ್ಟೇ ಕೇಳಿದೆ. ಅವರು ಸಮುದ್ರವನ್ನು ಒಂದೇ ಒಂದು ಸಲ ನೋಡಿದ್ದರಂತೆ, ಚೆನ್ನೈಯಲ್ಲಿ ಯಾರದೋ ಮದುವೆ ಮುಗಿಸಿ ವ್ಯಾನಿನಲ್ಲಿ ವಾಪಸು ಬರುವಾಗ. ಡ್ರೈವರ್ ಇಂಜಿನ್ ಆರಿಸದೆ, ಬೇಗ ನೋಡಿ ಬನ್ನಿ ಎಂದು ಹಾರ್ನ್ ಹೊಡೆಯುತ್ತಿದ್ದನಂತೆ.

"ನೋಡು, ಹುಟ್ಟೋದು, ಬರೋದು, ಹೋಗೋದು ಎಲ್ಲಾ ನಾನು ಓಡಿ ಓಡಿ ನೋಡಿದೀನಿ" ಅಂದರು. "ಈಗ ಒಂದು ಕಡೆ ಕೂತ್ಕೋಬೇಕು. ಹಡಗುಗಳು ಬರ್ಲಿ, ಹೋಗ್ಲಿ. ನನಗೂ ಅದಕ್ಕೂ ಏನೂ ಸಂಬಂಧ ಇರಬಾರದು. ಯಾರೂ ನನ್ನ ಕರೀಬಾರದು."

ಹೀಗೆ ನಮ್ಮ ತಯಾರಿ ಶುರುವಾಯಿತು. ಸಂಜೆ ನಾನು ಶಾಲೆಯಿಂದ ಬಂದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಊರುಗಳನ್ನು ನೋಡುವುದು. ಕೋಲಾರದಲ್ಲಿ ಪ್ರವಾಸ ಕರೆದೊಯ್ಯುವ ಒಬ್ಬರ ಹತ್ತಿರ ಹೋದಾಗ ಅವರು ಬಣ್ಣಬಣ್ಣದ ಕಾಗದ ಮುಂದಿಟ್ಟು, ಒಂದೇ ಸುತ್ತಿಗೆ ಐದು ದೇಶ ತೋರಿಸುತ್ತೇವೆ ಎಂದರು.

"ಬೆಳಗ್ಗೆ ಎಷ್ಟೊತ್ತಿಗೆ ಹೊರಡಬೇಕಪ್ಪ?" ನರ್ಸಮ್ಮನ ಪ್ರಶ್ನೆ.

"ಆರಕ್ಕೆಲ್ಲ ಬಸ್ ಹತ್ತಿಬಿಡಬೇಕಮ್ಮ. ಲೇಟಾದ್ರೆ ಬಿಟ್ಟು ಹೋಗ್ತಾರೆ."

"ಹಾಗಾದ್ರೆ ನಮ್ಮನ್ನ ಈಗ್ಲೇ ಬಿಟ್ಟು ಹೋಗಿ" ಎಂದು ಎದ್ದೇಬಿಟ್ಟರು.

ಕೊನೆಗೆ ಸಿಡ್ನಿ ಎಂದು ನಿಂತಿತು. ನಗರದ ನಡುವೆಯೇ ಕೊಲ್ಲಿ ಒಳಗೆ ಬಂದು ಕವಲೊಡೆದಿರುವ ಚಿತ್ರ ನೋಡಿ, "ಇದು ಕೈಬೆರಳು ಬಿಡಿಸಿಟ್ಟ ಹಾಗಿದೆ" ಎಂದು ಬೆರಳಿನಿಂದ ಸವರಿದರು. ಮೊದಲು ಅಲ್ಲಿ ಒಂದು ವಾರ, ಆಮೇಲೆ ರೈಲಿನಲ್ಲಿ ಬೆಟ್ಟದ ಊರೊಂದಕ್ಕೆ, ಅಲ್ಲಿಂದ ದಕ್ಷಿಣದ ಇನ್ನೊಂದು ಪಟ್ಟಣಕ್ಕೆ ಎಂದು ನಾನು ಯೋಜನೆ ಹಾಕಿದೆ. ನನಗೆ ಬೇಸಿಗೆ ರಜೆ ಇದ್ದುದರಿಂದ ಜೊತೆಗೆ ನಾನೂ ಹೊರಟೆ. ವೀಸಾಕ್ಕೆ ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋದಾಗ ಯಂತ್ರ ಅವರ ಬೆರಳುಗಳನ್ನು ಒಪ್ಪಲೇ ಇಲ್ಲ. ಒರೆಸಿ ಇಟ್ಟರು, ಒತ್ತಿ ಇಟ್ಟರು, ಗೆರೆಗಳೇ ಮೂಡಲಿಲ್ಲ. ಅಲ್ಲಿದ್ದ ತರುಣ ಬೆರಳು ತಿರುಗಿಸಿ ನೋಡಿ ಬೆರಗಾಗಿ ಕೂತ. "ಕೈ ತೊಳೆದೂ ತೊಳೆದೂ ಸೋಪು ತಿಂದುಬಿಟ್ಟಿದೆ ಕಣಪ್ಪ" ಎಂದರು ನರ್ಸಮ್ಮ, ನಾಚಿಕೊಂಡು. ಆತ ಕೊಂಚವೂ ಬೇಸರವಿಲ್ಲದೆ ಮತ್ತೆ ಮತ್ತೆ ಪ್ರಯತ್ನಿಸಿ ಕಡೆಗೂ ತೆಗೆದುಕೊಂಡ. ನಾನು ಆ ನುಣುಪು ಬೆರಳುಗಳನ್ನು ಅವತ್ತೇ ಮೊದಲು ಸರಿಯಾಗಿ ನೋಡಿದ್ದು.

ಅಡ್ಡಿ ಬಂದದ್ದು ಮನೆಯಿಂದ. ಬೈರಕೂರಿನಲ್ಲಿ ಅವರ ತಮ್ಮನ ಮಾವಿನ ತೋಟ, ಸಂಸಾರ. ತಮ್ಮನ ಒಬ್ಬಳೇ ಮಗಳು ಬಸುರಿ ಎಂಬ ಸುದ್ದಿ ಬಂತು. ಲೆಕ್ಕ ಹಾಕಿದರೆ ಹೆರಿಗೆಯೂ ನಮ್ಮ ಪ್ರಯಾಣವೂ ಒಟ್ಟಿಗೇ ಬೀಳುತ್ತಿದ್ದವು. ತಮ್ಮ ನೇರವಾಗಿ ಮುಳಬಾಗಿಲಿಗೆ ಬಂದ. ನಾನು ಆಗ ಅವರ ಮನೆಯಲ್ಲೇ ಇದ್ದೆ.

"ಅಕ್ಕ, ಊರೋರ ಮಕ್ಕಳನ್ನೆಲ್ಲ ನೀನೇ ಹೆರಿಗೆ ಮಾಡ್ಸಿದ್ದೀಯ. ನಿನ್ನ ಮನೆ ಮಗೂಗೆ ನೀನಿಲ್ಲ ಅಂದ್ರೆ ಜನ ಏನಂತಾರೆ? ಆ ಊರು ಎಲ್ಲಿಗೂ ಓಡೋಗಲ್ಲ. ಮುಂದಿನ ವರ್ಷ ಹೋಗು. ಇಲ್ಲಾಂದ್ರೆ ಕಾಶಿಗೆ ಹೋಗು, ನಾನೇ ಕರ್ಕೊಂಡೋಗ್ತೀನಿ."

ಕರೆ ಬಂದಾಗ ಇಲ್ಲ ಎಂದದ್ದು ನರ್ಸಮ್ಮನ ಬದುಕಿನಲ್ಲೇ ಇರಲಿಲ್ಲ. ಈಗಲೂ ಒಪ್ಪುತ್ತಾರೆ ಎಂದೇ ನಾನು ಎಣಿಸಿದ್ದೆ. ಟಿಕೆಟ್ ರದ್ದು ಮಾಡುವುದು ಹೇಗೆಂದು ಮನಸ್ಸಿನಲ್ಲೇ ಯೋಚಿಸುತ್ತಿದ್ದೆ.

"ಈ ವರ್ಷ ಇವಳದು. ಮುಂದಿನ ವರ್ಷ ಇನ್ನೊಬ್ಬಳದು ಇರ್ತದೆ" ಅಂದರು ನರ್ಸಮ್ಮ. "ಕೋಲಾರದಲ್ಲಿ ಒಳ್ಳೆ ಡಾಕ್ಟರಮ್ಮ ಇದಾರೆ. ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ. ನನಗಿಂತ ಚೆನ್ನಾಗಿ ನೋಡ್ಕೋತಾರೆ. ನಾನು ಹೋಗ್ತೀನಿ ಕಣಪ್ಪ."

ತಮ್ಮ ತಂದಿದ್ದ ಅವರೆಕಾಯಿಯ ಚೀಲವನ್ನು ಅಲ್ಲೇ ಬಿಟ್ಟು ಎದ್ದುಹೋದ. ಅವನು ಹೋದ ಮೇಲೆ ನರ್ಸಮ್ಮ ಅತ್ತರು. ನಾನು ಅವರ ಹಣೆಯ ಮೇಲೆ ಕೈ ಇಡಬೇಕೆಂದುಕೊಂಡೆ, ಧೈರ್ಯ ಬರಲಿಲ್ಲ. ಹೇಳಿದಂತೆ ಅವರು ಆ ಹುಡುಗಿಯನ್ನು ಪ್ರತಿ ತಿಂಗಳೂ ಕೋಲಾರಕ್ಕೆ ಕರೆದೊಯ್ದರು. ತಮ್ಮ ಮಾತ್ರ ಎದುರಿಗೆ ಸಿಕ್ಕರೂ ಮುಖ ತಿರುಗಿಸುತ್ತಿದ್ದ. ಹೊರಡುವ ಹಿಂದಿನ ದಿನ ಆ ಹುಡುಗಿಯೇ ಫೋನ್ ಮಾಡಿ, "ಅತ್ತೆ, ನೀವು ಆರಾಮಾಗಿ ಹೋಗ್ಬನ್ನಿ. ಅಪ್ಪನ್ನ ನಾನು ನೋಡ್ಕೋತೀನಿ" ಎಂದಳು.

ಸಿಡ್ನಿಯ ಮೊದಲ ಬೆಳಗನ್ನು ನಾನು ಮರೆಯಲಾರೆ. ತಿಂಡಿ ಮುಗಿಸಿ ನಿಧಾನವಾಗಿ ನಡೆದು ನೀರಿನ ಅಂಚಿಗೆ ಹೋದೆವು. ಬಿಸಿಲು ಎಳೆಯದಾಗಿತ್ತು. ಒಂದು ಕಡೆ ದೊಡ್ಡ ಕಮಾನಿನ ಸೇತುವೆ, ಇನ್ನೊಂದು ಕಡೆ ಬಿಳಿಯ ಚಿಪ್ಪುಗಳನ್ನು ಒಂದಕ್ಕೊಂದು ಒರಗಿಸಿಟ್ಟಂಥ ಕಟ್ಟಡ, ನಡುವೆ ಹಸಿರು ಹಳದಿ ಫೆರಿ ದೋಣಿಗಳು ನಮ್ಮ ಸಿಟಿ ಬಸ್ಸುಗಳ ಹಾಗೆ ಜನರನ್ನು ಇಳಿಸಿ ಹತ್ತಿಸಿ ಹೋಗುತ್ತಿದ್ದವು. ನರ್ಸಮ್ಮ ಒಂದು ಬೆಂಚು ಹುಡುಕಿ ಕೂತರು. ಆಗ ಸೇತುವೆಯ ಕಡೆಗೆ ನೋಡುತ್ತಿದ್ದ ನನ್ನ ತೋಳನ್ನು ಬಿಗಿಯಾಗಿ ಹಿಡಿದರು.

ತಿರುಗಿ ನೋಡಿದರೆ ಒಂದು ಹಡಗು ಒಳಗೆ ಬರುತ್ತಿತ್ತು. ಹಡಗು ಎನ್ನಲು ಬಾಯಿ ಬರುವುದಿಲ್ಲ. ಮುಳಬಾಗಿಲಿನ ಬೆಟ್ಟವೇ ಬುಡ ಕಳಚಿಕೊಂಡು ನೀರಿನ ಮೇಲೆ ಜಾರಿ ಬಂದಂತಿತ್ತು. ಸಾವಿರಾರು ಕಿಟಕಿ. ಅದರ ನೆರಳು ನಮ್ಮ ಮೇಲೆ ಬಿದ್ದು, ಬೆಳಗು ಒಂದು ಗಳಿಗೆ ಮಂಕಾಯಿತು.

"ಅಬ್ಬಾ, ಏಮಿ ಇದಿ! ಏನೇ ಇದು!" ಎಂದರು ನರ್ಸಮ್ಮ, ಉಸಿರಿನಷ್ಟೇ ದನಿಯಲ್ಲಿ. "ಇಷ್ಟು ದೊಡ್ಡದು ಸದ್ದೇ ಮಾಡದೆ ಬರ್ತದಲ್ಲೇ!"

ಅದು ದಡಕ್ಕೆ ತಾಕುವವರೆಗೆ, ಹಗ್ಗ ಬಿಗಿಯುವವರೆಗೆ, ಜನ ಇಳಿಯುವವರೆಗೆ ಅವರು ಕಣ್ಣು ಕೀಳಲಿಲ್ಲ. ಇಳಿದವರ ಸಾಲಿನಲ್ಲಿ ಒಬ್ಬ ತುಂಬು ಬಸುರಿ ಇದ್ದಳು. ನರ್ಸಮ್ಮ ಸೊಂಟ ಮುಂದಕ್ಕೆ ಸರಿಸಿದ್ದನ್ನು, ಏಳಲು ಹೊರಟಿದ್ದನ್ನು ನಾನು ನೋಡಿದೆ. ಮತ್ತೆ ಹಿಂದಕ್ಕೆ ಒರಗಿ ತಮಗೆ ತಾವೇ ನಕ್ಕರು. ಒಂದು ಸಮುದ್ರದ ಹಕ್ಕಿ ಬಂದು ಅವರ ಕೈಯ ನಿಪ್ಪಟ್ಟನ್ನು ಕಚ್ಚಿಕೊಂಡು ಹೋದಾಗಲಂತೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ವಾರ ಮುಗಿದಾಗ ನಾನು ರೈಲಿನ ಮಾತು ತೆಗೆದೆ.

"ಬೆಟ್ಟ ನಮ್ಮೂರಲ್ಲೇ ಇದೆಯಲ್ಲೇ. ಇಲ್ಲೇ ಇರೋಣ" ಅಂದರು.

ನಾವು ಅಲ್ಲೇ ಇದ್ದೆವು. ಅಷ್ಟೆಲ್ಲ ಹಾಕಿದ ಯೋಜನೆಯನ್ನು ಒಂದು ಮಾತಿನಲ್ಲಿ ಬಿಟ್ಟುಕೊಟ್ಟದ್ದಕ್ಕೆ ನನಗೆ ಕೊಂಚವೂ ಬೇಸರವಾಗಲಿಲ್ಲ. ಬೆಳಗ್ಗೆ ಬೆಂಚು, ಮಧ್ಯಾಹ್ನ ಫೆರಿಯಲ್ಲಿ ಒಂದು ದಡದಿಂದ ಇನ್ನೊಂದು ದಡಕ್ಕೆ, ಸಂಜೆ ಮತ್ತೆ ಬೆಂಚು. ಅವರ ನಡಿಗೆ ನಿಧಾನವಾಯಿತು. ಒಂದು ದಿನ ನಾನೇ ಮುಂದೆ ಹೋಗಿ ಅವರಿಗಾಗಿ ಕಾಯಬೇಕಾಯಿತು. ಅಂಥ ದಿನ ಬರುತ್ತದೆಂದು ನಾನು ಎಂದೂ ಊಹಿಸಿರಲಿಲ್ಲ.

ಸುದ್ದಿ ಬಂದದ್ದು ಹಾಗೆ ಕೂತಿದ್ದಾಗಲೇ. ಊರಿನಲ್ಲಿ ಇನ್ನೂ ನಸುಕು. ನನ್ನ ಫೋನಿನಲ್ಲಿ ನರ್ಸಮ್ಮನ ನಾದಿನಿಯ, ಅಂದರೆ ತಮ್ಮನ ಹೆಂಡತಿಯ ದನಿ. ಹೆರಿಗೆಯ ನಡುವೆ ಮಗುವಿನ ಎದೆಬಡಿತ ಇಳಿಯಿತಂತೆ, ಡಾಕ್ಟರಮ್ಮ ತಡಮಾಡದೆ ಆಪರೇಷನ್ ಮಾಡಿದರಂತೆ. ಗಂಡು ಮಗು. ತಾಯಿ ಮಗು ಇಬ್ಬರೂ ಕ್ಷೇಮ. ನರ್ಸಮ್ಮ ಎಲ್ಲವನ್ನೂ ಕೇಳಿದರು: ಮಗು ಕೂಡಲೇ ಅತ್ತಿತೇ, ತೂಕ ಎಷ್ಟು, ಹಾಲು ಕುಡಿಯಿತೇ. ಆಮೇಲೆ ಫೋನನ್ನು ನನಗೆ ಕೊಟ್ಟು ನೀರನ್ನೇ ನೋಡುತ್ತಾ ಕೂತರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಮೊದಲನೇ ಸಲ ಕಣೇ" ಅಂದರು. "ಮಗು ಹುಟ್ಟಿದ ಸುದ್ದೀನ ನಾನು ಕೂತ್ಕೊಂಡು ಕೇಳಿದ್ದು, ಇದೇ ಮೊದಲನೇ ಸಲ."

ಆ ಕ್ಷಣ ನನಗೆ ಆ ಸೇತುವೆ, ಆ ಹಡಗು, ಆ ಬಿಳಿಯ ಕಟ್ಟಡ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ನನ್ನ ಪಕ್ಕದಲ್ಲಿ ಕೂತಿದ್ದ ಈ ಹೆಂಗಸು. ಇಷ್ಟು ವರ್ಷ ಪಕ್ಕದ ಮನೆಯಲ್ಲೇ ಇದ್ದರೂ ನಾನು ಅವರನ್ನು ಪೂರ್ತಿಯಾಗಿ ನೋಡಿರಲೇ ಇಲ್ಲ.

ನಾಮಕರಣಕ್ಕೆ ಬೈರಕೂರಿಗೆ ಹೋದಾಗ ತಮ್ಮ ಇನ್ನೂ ಬಿಗುವಾಗಿಯೇ ಇದ್ದ. ಊಟವಾದ ಮೇಲೆ ಹೆಂಗಸರೆಲ್ಲ ನರ್ಸಮ್ಮನನ್ನು ಸುತ್ತುವರಿದರು. ನೀರು ಅಲ್ಲೂ ಉಪ್ಪೇನಾ, ಹಡಗಿನಲ್ಲಿ ಅಡುಗೆ ಮನೆ ಇರುತ್ತಾ, ಸೀರೆ ಉಟ್ಟವರನ್ನು ನೋಡಿ ನಗಲಿಲ್ಲವಾ ಎಂದು ಒಬ್ಬೊಬ್ಬರದು ಒಂದೊಂದು ಪ್ರಶ್ನೆ. ಅವರು ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಒಂದೊಂದಕ್ಕೂ ಉತ್ತರ ಹೇಳಿದರು. ಹಡಗು ಸದ್ದಿಲ್ಲದೆ ಬಂದ ಕಥೆಗೆ ಬಂದಾಗ ಎಲ್ಲರೂ ಉಸಿರು ಬಿಗಿಹಿಡಿದರು. ಬಾಗಿಲ ಹತ್ತಿರ ನಿಂತಿದ್ದ ತಮ್ಮನೂ ಕೇಳಿಸಿಕೊಳ್ಳುತ್ತಿದ್ದ. ಕಥೆ ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡು, "ನಮ್ಮ ಬೆಟ್ಟದಷ್ಟು ಎತ್ತರಾನ ಅಕ್ಕ?" ಎಂದು ಕೇಳಿದ. ಅಷ್ಟು ತಿಂಗಳ ಮೇಲೆ ಅವನು ಅಕ್ಕನಿಗೆ ಆಡಿದ ಮೊದಲ ಮಾತು ಅದು.

ಹೋದ ವರ್ಷ ಮಾಘ ಮಾಸದ ಒಂದು ಮಧ್ಯಾಹ್ನ, ಊಟ ಮುಗಿಸಿ ಮಲಗಿದ ನರ್ಸಮ್ಮ ಏಳಲಿಲ್ಲ. ನೋವು ತಿನ್ನಲಿಲ್ಲ, ಯಾರನ್ನೂ ಕೂಗಲಿಲ್ಲ. ಪಕ್ಕದ ಮನೆಯಲ್ಲೇ ಇದ್ದ ನನಗೂ ಗೊತ್ತಾಗಲಿಲ್ಲ. ಅವರಿಂದ ನಾನು ಪಡೆದದ್ದು ಏನೆಂದು ಈಗ ಹೇಳಲು ಹೊರಟರೆ ಮಾತು ಸಾಲುವುದಿಲ್ಲ. ಆ ಪ್ರಯಾಣಕ್ಕೆ ಮುಂಚೆ, ನನಗೆ ಏನು ಬೇಕು ಎಂದು ನಾನು ಯಾವತ್ತೂ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಈಗ ಹೇಳುತ್ತೇನೆ.

ಅವರ ತಿಥಿ ಕಳೆದು ಸ್ವಲ್ಪ ದಿನಕ್ಕೆ ಅವರ ತಮ್ಮ ನಮ್ಮ ಮನೆಗೆ ಬಂದ. ಹಿಂದೆ ಅವನ ಹೆಂಡತಿ, ಹೊಸ ಸೀರೆ ಉಟ್ಟು, ಮುಖ ತಗ್ಗಿಸಿ ನಿಂತಿದ್ದಳು. ಆಕೆ ಬೈರಕೂರಿನಿಂದ ಕೋಲಾರ, ತಿರುಪತಿ ಬಿಟ್ಟು ಬೇರೆಲ್ಲೂ ಹೋದವಳಲ್ಲ.

"ಮೇಡಂ, ನೀವು ಬೇಸಿಗೆ ರಜೇಲಿ ಮತ್ತೆ ಎಲ್ಲಿಗಾದ್ರೂ ಹೋಗ್ತೀರಾ?" ಎಂದ ಅವನು. "ಹೋದ್ರೆ ನಮ್ಮನೆಯೋಳನ್ನೂ ಕರ್ಕೊಂಡೋಗಿ. ಮನೆ, ತೋಟ, ಮೊಮ್ಮಗ ಎಲ್ಲಾ ನಾನು ನೋಡ್ಕೋತೀನಿ." ಆಮೇಲೆ ಹೆಂಡತಿಯ ಕಡೆ ತಿರುಗದೆಯೇ ಸೇರಿಸಿದ: "ಓಡಾಡಿಸ್ಬೇಡಿ ಮೇಡಂ. ಒಂದು ಕಡೆ ಕೂರ್ಸಿ."