ಒಂಬತ್ತು ಪೆಟ್ಟಿಗೆಗಳ ಎಂಜಿನುಗಳು

ಹೋದ ತಿಂಗಳು ವಿಜಯವಾಡದ ಒನ್ ಟೌನಿನಲ್ಲಿ, ಪ್ಯಾಂಟುಗಳ ಸೊಂಟ ಬಿಡಿಸಲೆಂದು ಒಬ್ಬ ದರ್ಜಿಯ ಅಂಗಡಿಗೆ ಹೋಗಿದ್ದೆ. ಪ್ಯಾಂಟುಗಳೇ ಕುಗ್ಗುತ್ತಿವೆ ಎಂದು ನಾನು ಹೇಳಿದ್ದನ್ನು ಮನೆಯಲ್ಲಿ ಯಾರೂ ನಂಬಿರಲಿಲ್ಲ. ದರ್ಜಿ ತನ್ನ ಹೊಲಿಗೆ ಯಂತ್ರಕ್ಕೆ ಉದ್ದ ಮೂತಿಯ ಡಬ್ಬಿಯಿಂದ ಎಣ್ಣೆ ಬಿಡುತ್ತಿದ್ದ. ಧಾರಾಳವಾಗಿ ಬಿಡುತ್ತಿದ್ದ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಬಾಯಿಂದ ಅಪ್ಪಟ ಕನ್ನಡದಲ್ಲಿ, "ಒಂದೇ ತೊಟ್ಟು ಸಾಕು" ಎಂದು ಬಂದುಬಿಟ್ಟಿತು. ದರ್ಜಿ ನನ್ನನ್ನೂ ನನ್ನ ಸೊಂಟವನ್ನೂ ಒಮ್ಮೆ ನೋಡಿ ಕೆಲಸ ಮುಂದುವರಿಸಿದ. ಆ ಮಾತು ನನ್ನದಲ್ಲ, ಅನಂತರಾಯರದು. ಅವರ ಕಥೆಯನ್ನು ನಿಮಗೆ ಹೇಳಬೇಕು. ಅದರಲ್ಲಿ ನನ್ನ ಮಾನ ಸ್ವಲ್ಪ ಹೋಗುತ್ತದೆ, ಹೋಗಲಿ.

ವಿಜಯವಾಡಕ್ಕೆ ಬರುವ ಮೊದಲು ನಾನು ನಾಲ್ಕು ವರ್ಷ ವಿಶಾಖಪಟ್ಟಣದಲ್ಲಿದ್ದೆ. ಹುಬ್ಬಳ್ಳಿಯವನಿಗೆ ಸಮುದ್ರ ತೋರಿಸೋಣ ಎಂದೇ ಬ್ಯಾಂಕಿನವರು ಅಲ್ಲಿಗೆ ವರ್ಗ ಮಾಡಿದ್ದರೋ ಏನೋ. ಲಾಸನ್ಸ್ ಬೇ ಕಾಲನಿಯ ಒಂದು ಮನೆಯ ಮಹಡಿಯಲ್ಲಿ ಎರಡು ಕೋಣೆ ಬಾಡಿಗೆಗೆ ಸಿಕ್ಕವು. ಕೆಳಗೆ ಮನೆಯ ಮಾಲೀಕರು, ಅನಂತರಾಯರು ಮತ್ತು ಅವರ ಹೆಂಡತಿ ಸರೋಜಮ್ಮ. ಮೈಸೂರಿನವರು. ರಾಯರು ಸರಕು ಹಡಗುಗಳಲ್ಲಿ ಎಂಜಿನಿಯರಾಗಿದ್ದವರು. ಸರೋಜಮ್ಮ ಊರಾಚೆಯ ಒಂದು ಎರಕದ ಕಾರ್ಖಾನೆಯಲ್ಲಿ ಲೋಹಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದವರು. ಇಬ್ಬರೂ ನಿವೃತ್ತರಾಗಿದ್ದರು. ಬಂದ ಮೊದಲ ದಿನವೇ ಸರೋಜಮ್ಮ, "ಕಾಫಿ ತಗೊಳ್ಳಿ ಅಂಡಿ" ಎಂದಾಗ, ಕನ್ನಡಕ್ಕೆ ತೆಲುಗಿನ ಆ ಗೌರವದ 'ಅಂಡಿ' ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಬೆರಗಾಗಿದ್ದೆ.

ಆ ಊರಿನಲ್ಲಿ ಕಬ್ಬಿಣ ಎನ್ನುವುದು ಬಹಳ ದಿನ ಬಾಳುವುದಿಲ್ಲ. ಉಪ್ಪು ಗಾಳಿ ಕಿಟಕಿಯ ಸರಳು, ಬಾಗಿಲ ಬೀಗ, ಫ್ರಿಜ್ಜಿನ ಬೆನ್ನು, ಎಲ್ಲವನ್ನೂ ತಿನ್ನುತ್ತದೆ. ನನ್ನ ಸ್ಕೂಟರಿನ ಸೈಲೆನ್ಸರು ಎರಡನೆಯ ವರ್ಷಕ್ಕೆ ಜಾಲರಿಯಾಯಿತು. ಆದರೆ ರಾಯರ ಹಜಾರದ ಉದ್ದನೆಯ ಮೇಜಿನ ಮೇಲೆ, ಮೊಟ್ಟೆಯಾಕಾರದಲ್ಲಿ ಜೋಡಿಸಿದ್ದ ಪುಟ್ಟ ಹಳಿಗಳು ಮಾತ್ರ ಕನ್ನಡಿಯಂತೆ ಹೊಳೆಯುತ್ತಿದ್ದವು. ಅವುಗಳ ಮೇಲೆ ಪ್ರತಿ ಸಂಜೆ ಅಂಗೈಯಷ್ಟು ಉದ್ದದ ಒಂದು ಹಸಿರು ರೈಲು ಎಂಜಿನು ಮೂರು ಡಬ್ಬಿಗಳನ್ನು ಎಳೆದುಕೊಂಡು ಸುತ್ತುತ್ತಿತ್ತು. ಆಟಿಕೆ ಎಂದರೆ ರಾಯರಿಗೆ ಕೋಪ ಬರುತ್ತಿತ್ತು. ನಿಜವಾದ ಎಂಜಿನನ್ನೇ ಅಳತೆ ತಪ್ಪದೆ ಕುಗ್ಗಿಸಿ ಮಾಡಿದ ಮಾದರಿ ಅದು. ಕೆಲವರು ಬಿಡಿಭಾಗ ತಂದು ಕೂತು ಜೋಡಿಸುತ್ತಾರಂತೆ. ರಾಯರವು ಹಾಗಲ್ಲ, ಕಾರ್ಖಾನೆಯಲ್ಲೇ ಪೂರ್ತಿ ತಯಾರಾಗಿ ಬಂದವು. ಪೆಟ್ಟಿಗೆಯಿಂದ ತೆಗೆದು ಹಳಿಯ ಮೇಲಿಟ್ಟು ಗುಂಡಿ ತಿರುಗಿಸಿದರೆ ಓಡಬೇಕು.

ಓಡಬೇಕು ಎನ್ನುವುದರಲ್ಲೇ ಎಲ್ಲ ಇದೆ ಎಂದು ರಾಯರು ನನಗೆ ಕಲಿಸಿದರು. ಎಂಜಿನಿಗೆ ಕರೆಂಟು ಬರುವುದು ಹಳಿಯಿಂದ ಗಾಲಿಗೆ. ಗಾಲಿಯ ಮೇಲೆ ಕೂದಲೆಳೆಯಷ್ಟು ಕೊಳೆ ಕೂತರೂ ಅದು ಮುಗ್ಗರಿಸುತ್ತದೆ. ಹಳೆಯ ಬನಿಯನ್ ಬಟ್ಟೆಗೆ ಸ್ಪಿರಿಟ್ ಅದ್ದಿ ಗಾಲಿ ಒರೆಸಬೇಕು. ಅಚ್ಚಿನ ಎರಡು ತುದಿಗೆ ಸೂಜಿ ಮೊನೆಯಲ್ಲಿ ಹೊಲಿಗೆ ಯಂತ್ರದ ಎಣ್ಣೆ, ಒಂದೇ ತೊಟ್ಟು. ನಾನು ಮೊದಲ ಸಲ ಉತ್ಸಾಹದಿಂದ ನಾಲ್ಕು ತೊಟ್ಟು ಬಿಟ್ಟೆ. ಎಂಜಿನು ಎಣ್ಣೆಯಲ್ಲಿ ಜಾರುತ್ತ ನಿಂತಲ್ಲೇ ಗಾಲಿ ತಿರುಗಿಸಿತು. ರಾಯರು ಬಯ್ಯಲಿಲ್ಲ. ಇಡೀ ಸಂಜೆ ಕೂತು ಅದನ್ನು ಬಿಚ್ಚಿ ಒರೆಸಿದರು. ನಾನು ಪಕ್ಕದಲ್ಲಿ ಕೂತು ಬಟ್ಟೆ ಹಿಡಿದಿದ್ದೆ.

ಈ ಹಸಿರು ಎಂಜಿನು ಅಗ್ಗದ್ದು. ರಾಯರ ನಿಜವಾದ ಸಂಗ್ರಹ ಮಲಗುವ ಕೋಣೆಯ ಉಕ್ಕಿನ ಬೀರುವಿನಲ್ಲಿತ್ತು. ಒಂಬತ್ತು ಪೆಟ್ಟಿಗೆಗಳು. ಒಂದೊಂದು ಸಮುದ್ರಯಾನ ಮುಗಿಸಿ ಮನೆಗೆ ಬರುವಾಗ ಒಂದೊಂದು ಬಂದರಿನಿಂದ ತಂದ ಒಂಬತ್ತು ಎಂಜಿನುಗಳು. ಒಂದನ್ನೂ ಹಳಿಯ ಮೇಲೆ ಇಟ್ಟಿರಲಿಲ್ಲ. ಕಡೆದು ತೀಡಿದಂತೆ ನುಣುಪಾದ ಬಾಯ್ಲರು, ಕೂದಲಿನಷ್ಟು ತೆಳುವಾದ ಕೈಹಿಡಿಯ ಸರಳುಗಳು, ಓದಲು ಭೂತಗನ್ನಡಿ ಬೇಕಾದ ಫಲಕಗಳು ಎಂದು ರಾಯರು ಬಾಯಲ್ಲಿ ಬಣ್ಣಿಸುತ್ತಿದ್ದರು. ಪೆಟ್ಟಿಗೆಯ ಮೇಲಿನ ಚಿತ್ರ ತೋರಿಸಿ ಮತ್ತೆ ಒಳಗಿಡುತ್ತಿದ್ದರು. ಹಡಗಿನಲ್ಲಿದ್ದಾಗ ಹೆಂಡತಿಗೆ ಅವರು ಒಂದು ಮಾತು ಕೊಟ್ಟಿದ್ದರು. ಇವುಗಳ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತದೆ, ನಿವೃತ್ತಿಯಾದ ಮೇಲೆ ಮಾರಿ, ತಾನೊಬ್ಬನೇ ನೋಡಿದ ಆ ಬಂದರುಗಳನ್ನೆಲ್ಲ ಇಬ್ಬರೂ ಕೂಡಿ ನೋಡಿ ಬರೋಣ ಎಂದು. ಸರೋಜಮ್ಮ ಮಗಳನ್ನು ಹೆತ್ತಾಗಲೂ, ಅವರ ತಾಯಿ ತೀರಿಕೊಂಡಾಗಲೂ ರಾಯರು ನಡುನೀರಿನಲ್ಲಿದ್ದರು. ಆ ಮಾತಿಗೆ ಅಷ್ಟು ತೂಕವಿತ್ತು. ಆದರೆ ನಿವೃತ್ತಿಯಾಗಿ ಏಳು ವರ್ಷವಾಗಿದ್ದರೂ ಒಂದು ಎಂಜಿನನ್ನೂ ಅವರು ಮಾರಿರಲಿಲ್ಲ. ಸರೋಜಮ್ಮ ಕೇಳುವುದನ್ನೇ ಬಿಟ್ಟಿದ್ದರು.

ಇಲ್ಲಿ ನಾನು ಪ್ರವೇಶಿಸುತ್ತೇನೆ. ಬ್ಯಾಂಕಿನಲ್ಲಿ ಆಗ ನನ್ನದು ಬಂಗಾರದ ಸಾಲದ ವಿಭಾಗ. ಒಡವೆಯನ್ನು ಉಜ್ಜಿ ನೋಡಲು ಬೇರೆ ಒಬ್ಬರು ಇದ್ದರೂ, ದಿನವೂ ಪಕ್ಕದಲ್ಲಿ ಕೂತು ಕೂತು, ಯಾವ ವಸ್ತುವಿನ ಬೆಲೆಯನ್ನಾದರೂ ಹೇಳಬಲ್ಲೆ ಎಂಬ ಭ್ರಮೆ ನನಗೆ ಬಂದಿತ್ತು. ಅಂತರ್ಜಾಲದಲ್ಲಿ ಹುಡುಕಿ ಓದಿ, ರಾಯರಿಗೇ ಪಾಠ ಮಾಡಿದೆ. ಮೂಲ ಪೆಟ್ಟಿಗೆ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಒಂದು ಬೆಲೆ. ಓಡಿಸದೆ ಇದ್ದರೆ ಇನ್ನೂ ಹೆಚ್ಚು. ಆದ್ದರಿಂದ ತೆಗೆಯಲೇಬೇಡಿ, ಮುಟ್ಟಲೇಬೇಡಿ ಎಂದೆ. ರಾಯರು ನನ್ನ ಮುಖವನ್ನು ಒಂದು ಥರ ನೋಡಿ, ಹೌದು, ಮುಟ್ಟಬಾರದು ಎಂದರು. ಅವರಿಗೆ ನನ್ನ ಮಾತಿನಿಂದ ಸಮಾಧಾನವಾಯಿತು ಎಂದು ನನಗೆ ಕಂಡಿತು. ಯಾಕೆ ಸಮಾಧಾನ ಎಂದು ಯೋಚಿಸುವಷ್ಟು ಬುದ್ಧಿ ಇರಲಿಲ್ಲ.

ನಮ್ಮ ಶಾಖೆಗೆ ಬರುತ್ತಿದ್ದ ಒಬ್ಬ ಮಕ್ಕಳ ಡಾಕ್ಟರಿಗೆ ಇದೇ ಹುಚ್ಚು ಎಂದು ಗೊತ್ತಾದಾಗ ನನಗೆ ರೆಕ್ಕೆ ಮೂಡಿತು. ಡಾಕ್ಟರು ತೆಲುಗಿನವರು, ಮೆತ್ತಗಿನ ಮನುಷ್ಯ. ಪೆಟ್ಟಿಗೆಗಳ ಫೋಟೋ ತೋರಿಸಿದೆ. ಅವರು ಒಂದು ಕಪ್ಪು ಹಬೆ ಎಂಜಿನಿನ ಮೇಲೆ ಬೆರಳಿಟ್ಟವರು ತೆಗೆಯಲೇ ಇಲ್ಲ. ನಾನು ರಾಯರ ಬೆನ್ನು ಹತ್ತಿದೆ. ಅವರು ನೆಪದ ಮೇಲೆ ನೆಪ ಹೇಳಿದರು. ಬೆಲೆ ಇನ್ನೂ ಏರಲಿ, ಮಗಳನ್ನು ಕೇಳಬೇಕು, ಮಳೆಗಾಲ ಮುಗಿಯಲಿ. ಕೊಡಲು ಮನಸ್ಸು ಬರುತ್ತಿಲ್ಲ, ಪಾಪ, ಎಂದುಕೊಂಡೆ. ಕೊನೆಗೆ ಸರೋಜಮ್ಮನವರ ಎದುರಿಗೇ ವಿಷಯ ಎತ್ತಿದೆ. ಒಂದನ್ನಾದರೂ ಕೊಟ್ಟರೆ ಪ್ರವಾಸ ಶುರುವಾಗುತ್ತದೆ ಎಂದೆ. ಸರೋಜಮ್ಮ ಗಂಡನನ್ನು ನೋಡಲಿಲ್ಲ, ನನ್ನನ್ನು ನೋಡಿ, ಡಾಕ್ಟರು ಬಂದು ನೋಡಲಿ, ಅದರಲ್ಲೇನು ಎಂದರು. ರಾಯರು ಭಾನುವಾರ ಬರಲಿ ಎಂದರು.

ಭಾನುವಾರ ಬೆಳಿಗ್ಗೆ ಡಾಕ್ಟರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಣ್ಣಿನ ಚೀಲ, ಹೆಣ್ಣು ನೋಡಲು ಬಂದವರ ಹಾಗೆ. ರಾಯರು ಅವರಿಗೆ ಹಸಿರು ಎಂಜಿನನ್ನು ಓಡಿಸಿ ತೋರಿಸಿದರು. ಮತ್ತೊಮ್ಮೆ ಓಡಿಸಿದರು. ಇದನ್ನೇ ತೆಗೆದುಕೊಳ್ಳಿ, ಬಹಳ ನಂಬಿಕೆಯ ಎಂಜಿನು ಎಂದರು. ಡಾಕ್ಟರು ನಾಚಿಕೆಯಿಂದ ನಕ್ಕರು. ನಾನೇ ಒಳಗೆ ಹೋಗಿ ಬೀರುವಿನಿಂದ ಕಪ್ಪು ಎಂಜಿನಿನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟೆ. ರಾಯರು ಕುರ್ಚಿಯ ಕೈ ಹಿಡಿದು ಕೂತರು. ಮುಚ್ಚಳ ತೆಗೆದೆ. ಒಳಗಿನ ಸ್ಪಂಜು ಅಂಟಂಟಾಗಿತ್ತು. ಎರಡೂ ಕೈಯಲ್ಲಿ, ಕೂಸನ್ನು ಎತ್ತುವಂತೆ, ಎಂಜಿನನ್ನು ಎತ್ತಿದೆ.

ಅದು ನನ್ನ ಕೈಯಲ್ಲಿ ಪುಡಿಯಾಯಿತು.

ಮುರಿಯಿತು ಎಂದರೆ ಸುಳ್ಳಾಗುತ್ತದೆ. ಮುರಿಯುವಾಗ ಒಂದು ಸದ್ದಾದರೂ ಬರುತ್ತದೆ. ಇದರ ಹೊಟ್ಟೆ ಮೊದಲೇ ಉಬ್ಬಿ, ಬೆನ್ನು ಬಾಗಿತ್ತು. ಎತ್ತಿದ ಕೂಡಲೇ ತಳದ ಲೋಹ ಒಣಗಿದ ರೊಟ್ಟಿಯಂತೆ ತುಂಡು ತುಂಡಾಗಿ ಬೆರಳ ಸಂದಿಯಿಂದ ಉದುರಿತು. ಗಾಲಿಗಳು ಮೇಜಿನ ಮೇಲೆ ಉರುಳಿ, ಕೆಲವು ಕೆಳಗೆ ಬಿದ್ದವು. ಬೂದು ಬಣ್ಣದ ಪುಡಿ ನನ್ನ ಅಂಗೈ ತುಂಬ. ಮೇಲಿನ ಕಪ್ಪು ಬಣ್ಣ ಮಾತ್ರ ಹೊಸದರಂತೆ ಫಳಫಳ ಹೊಳೆಯುತ್ತಿತ್ತು.

ಜೀವಮಾನದಲ್ಲಿ ಇನ್ನೊಬ್ಬರ ಬೆಲೆಬಾಳುವ ವಸ್ತುವನ್ನು ನಾನು ಹಾಗೆ ಹಾಳುಮಾಡಿರಲಿಲ್ಲ. "ರಾಯರ, ನಾ ಏನೂ ಮಾಡ್ಲಿಲ್ರಿ, ಬರೇ ಎತ್ತಿದೆ" ಎಂದೆ.

"ನೀವು ಮುರೀಲಿಲ್ಲ" ಎಂದರು ರಾಯರು. "ನನಗೆ ಗೊತ್ತಿತ್ತು."

ಆರು ವರ್ಷದ ಹಿಂದೆ, ಮಾರಲೆಂದೇ ಒಂದು ಪೆಟ್ಟಿಗೆ ತೆರೆದಿದ್ದರಂತೆ. ಅದೂ ಹೀಗೇ ಉದುರಿತ್ತು. ಚೂರುಗಳನ್ನೆಲ್ಲ ಬಳಿದು ಅದೇ ಪೆಟ್ಟಿಗೆಯಲ್ಲಿ ತುಂಬಿ ಮುಚ್ಚಿ, ಬೀರುವಿನ ಹಿಂದುಗಡೆ ಇಟ್ಟರು. ಉಳಿದವನ್ನು ತೆರೆಯಲು ಧೈರ್ಯ ಬರಲಿಲ್ಲ. ಎಲ್ಲವೂ ಹೋಗಿರಬೇಕು ಎಂದುಕೊಂಡು ಆರು ವರ್ಷ ಬೆಲೆ ಏರುತ್ತಿದೆ ಎಂದು ಹೇಳುತ್ತ ಬಂದರು. ಇಷ್ಟನ್ನು ಅವರು ಡಾಕ್ಟರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ, ಮೇಜಿನ ಮೇಲಿನ ಗಾಲಿಗಳಿಗೆ ಹೇಳಿದರು. ಅವಳಿಗೆ ಹೇಗೆ ಹೇಳಲಿ ಎಂದು ಎರಡು ಸಲ ಅಂದರು.

ಸರೋಜಮ್ಮ ಬಾಗಿಲಲ್ಲೇ ನಿಂತಿದ್ದರು, ಕಾಫಿಯ ತಟ್ಟೆ ಹಿಡಿದು. ನಾನು ಅವರ ಕೈಯಿಂದ ತಟ್ಟೆ ಬೀಳುತ್ತದೆ ಎಂದು ಎದ್ದೆ. ಬೀಳಲಿಲ್ಲ. ಅದನ್ನು ಜೋಪಾನವಾಗಿ ಕೆಳಗಿಟ್ಟು, ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದರು.

"ನನಗೂ ಗೊತ್ತಿತ್ತು ಕಣ್ರೀ" ಎಂದರು ಗಂಡನಿಗೆ. "ಬೀರು ಒರೆಸುವಾಗ ಹಿಂದಿನ ಪೆಟ್ಟಿಗೆ ಮೂಲೆಯಿಂದ ಪುಡಿ ಉದುರಿತ್ತು. ಲ್ಯಾಬಿಗೆ ತಗೊಂಡು ಹೋಗಿ ನೋಡಿದ್ದೆ."

ರಾಯರು ತಲೆ ಎತ್ತಿದ ರೀತಿ ನನ್ನ ಕಣ್ಣಿಗೆ ಈಗಲೂ ಕಟ್ಟಿದೆ. ಅರವತ್ತೇಳು ವರ್ಷದ ಮನುಷ್ಯ, ಬಿರುಗಾಳಿಯಲ್ಲಿ ಹಡಗಿನ ಹೊಟ್ಟೆಯೊಳಗೆ ನಿಂತು ಕೆಲಸ ಮಾಡಿದವರು, ಹೆಂಡತಿಯನ್ನು ಮೊದಲ ಸಲ ಕಂಡವರಂತೆ ಬಾಯಿ ತೆರೆದು ಕೂತರು. ಸರೋಜಮ್ಮ ನಿವೃತ್ತಿಯಾಗುವ ಮೊದಲಿನ ವರ್ಷದ ಮಾತು ಅದು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಲೋಹದ ಕಣ ಕಣದ ನಡುವೆ ಬಿರುಕು ಕಂಡಿತ್ತು. ಸತುವಿನ ಎರಕದಲ್ಲಿ ಚಿಟಿಕೆಯಷ್ಟು ಸೀಸ ಬೆರೆತಿದ್ದರೆ ಹೀಗಾಗುತ್ತದಂತೆ. ಲೋಹ ಒಳಗೊಳಗೇ ಉಬ್ಬಿ, ಬಿರಿದು, ಒಂದು ದಿನ ಪುಡಿಯಾಗುತ್ತದೆ. ಅದಕ್ಕೆ ಔಷಧವಿಲ್ಲ. ಈ ಊರಿನ ತೇವದ ಗಾಳಿ ಅದನ್ನು ಬೇಗ ಮಾಡಿರಬಹುದು, ಆದರೆ ಎರಕ ಹೊಯ್ದ ದಿನವೇ ರೋಗ ಒಳಗಿತ್ತು. ಓಡಿಸಿದ್ದರೂ ಅಷ್ಟೆ, ಓಡಿಸದಿದ್ದರೂ ಅಷ್ಟೆ. ಎಷ್ಟು ಎಣ್ಣೆ ಬಿಟ್ಟಿದ್ದರೂ ಅಷ್ಟೆ.

"ಮತ್ತೆ ಹೇಳಲಿಲ್ಲ ಯಾಕೆ?" ಎಂದರು ರಾಯರು.

"ನಿಮಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ. ಗೊತ್ತಾದ್ರೆ ತಡ್ಕೊಳಲ್ಲ ಅಂತ. ಕೊನೆಗೆ ಸಾಕಾಯ್ತು, ಡಾಕ್ಟರೇ ಬಂದು ತೆರೀಲಿ ಅಂದೆ" ಎಂದರು ಸರೋಜಮ್ಮ.

ಡಾಕ್ಟರು ಮಂಡಿಯೂರಿ ಮೇಜಿನ ಕೆಳಗೆ ಉರುಳಿದ್ದ ಗಾಲಿಗಳನ್ನು ಹುಡುಕಿ ಕರವಸ್ತ್ರದಲ್ಲಿ ಕೂಡಿಸುತ್ತಿದ್ದರು. ಕನ್ನಡ ಬಾರದಿದ್ದರೂ ಅರ್ಥವಾಗಬೇಕಾದದ್ದು ಅವರಿಗೆ ಅರ್ಥವಾಗಿತ್ತು. ನಾನು ಅಂಗೈಯ ಪುಡಿಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಹಾಗೇ ಹಿಡಿದು ನಿಂತಿದ್ದೆ. ಒಂದೇ ಬೀರು, ಒಂದೇ ಬೀಗದ ಕೈ, ಒಂದೇ ಹಾಸಿಗೆ. ಆರು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಇದನ್ನೇ ಮುಚ್ಚಿಟ್ಟಿದ್ದರು. ನಾನು ಮಹಡಿಯಿಂದ ಇಳಿದು ಬಂದು ಬೆಲೆ ಹೇಳುತ್ತಿದ್ದೆ.

ಆಮೇಲೆ ಸರೋಜಮ್ಮ ಮಾಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಸೆರಗು ಸಿಕ್ಕಿಸಿ, ಉಳಿದ ಏಳು ಪೆಟ್ಟಿಗೆಗಳನ್ನೂ ಎರಡೆರಡಾಗಿ ತಂದು ಮೇಜಿನ ಮೇಲೆ ಇಟ್ಟರು. ರಾಯರು ಬೇಡ ಎಂದರು. ಸರೋಜಮ್ಮ ಕೇಳಲಿಲ್ಲ. ಪ್ರಯೋಗಾಲಯದಲ್ಲಿ ಮಾದರಿಗಳನ್ನು ತೆರೆಯುವಂತೆ ಒಂದೊಂದಾಗಿ ತೆರೆದು, ತಲೆಕೆಳಗು ಮಾಡಿ, ಭೂತಗನ್ನಡಿಯಲ್ಲಿ ತಳ ನೋಡಿ, ಉಗುರಿನಿಂದ ಕುಟ್ಟಿದರು. ಮೊದಲನೆಯದು ಬಾಗಿತ್ತು. ಎರಡನೆಯದರ ಮೂಲೆ ಬಿರಿದಿತ್ತು. ಮೂರನೆಯದನ್ನು ಅವರು ಬಹಳ ಹೊತ್ತು ನೋಡಿದರು. ಮತ್ತೆ ಕುಟ್ಟಿದರು.

"ಇದು ಗಟ್ಟಿ ಇದೆ."

ನಾಲ್ಕನೆಯದೂ ಗಟ್ಟಿ. ಐದು, ಆರು, ಏಳು. ಕೆಲವುಗಳ ಎರಕ ಕೆಟ್ಟಿತ್ತು, ಉಳಿದವುಗಳದು ಒಳ್ಳೆಯದಾಗಿತ್ತು, ಅಷ್ಟೆ. ಐದು ಎಂಜಿನುಗಳು ಏನೂ ಆಗದೆ ಪೆಟ್ಟಿಗೆಯಲ್ಲಿ ಮಲಗಿದ್ದವು. ಸತ್ತಿವೆ ಎಂದು ಇಬ್ಬರೂ ಬೇರೆ ಬೇರೆ ಅತ್ತು ಮುಗಿಸಿದ್ದ ಐದು ಎಂಜಿನುಗಳು. ಆ ದಿನದ ಪೆಟ್ಟುಗಳಲ್ಲಿ ನನ್ನನ್ನು ಹೆಚ್ಚು ಅಲುಗಾಡಿಸಿದ್ದು ಕೆಟ್ಟುಹೋದ ನಾಲ್ಕಲ್ಲ, ಇದು. ರಾಯರು ಆಗ ಅತ್ತರು. ಡಾಕ್ಟರು ಕರವಸ್ತ್ರ ಕೊಡಲು ಹೋಗಿ, ಅದರಲ್ಲಿ ಗಾಲಿಗಳಿವೆ ಎಂದು ನೆನಪಾಗಿ, ನಿಲ್ಲಿಸಿದರು.

ಉಳಿದ ಐದೂ ಕೂಡಲೇ ಓಡಲಿಲ್ಲ. ಗಿಯರುಗಳ ಗ್ರೀಸು ಎಷ್ಟೋ ವರ್ಷಗಳಿಂದ ಮೇಣದಂತೆ ಗಟ್ಟಿಯಾಗಿತ್ತು. ಕಡ್ಡಿಗೆ ಹತ್ತಿ ಸುತ್ತಿ, ಹಲ್ಲು ಹಲ್ಲಿನ ನಡುವೆ ಒರೆಸಿ ತೆಗೆಯಲು ಡಾಕ್ಟರೂ ನಾನೂ ರಾಯರೂ ಮೂರು ಭಾನುವಾರ ಕೂತೆವು. ಡಾಕ್ಟರು ಕೊಳ್ಳುವ ಮಾತು ಮತ್ತೆ ಎತ್ತಲಿಲ್ಲ. ರಾಯರೇ ಎತ್ತಿ, ಎರಡನ್ನು ಮಾರಿ ಹೇಳಿದ ಮಾತು ನಡೆಸುತ್ತೇನೆ ಎಂದಾಗ ಸರೋಜಮ್ಮ ಬೇಡವೆಂದರು. ಊರು ನೋಡುವುದಾದರೆ ಪಿಂಚಣಿ ಇದೆ, ಇಷ್ಟು ದಿನ ಅಡ್ಡ ಬಂದದ್ದು ಹಣವೇ ಎಂದು ನೀವು ತಿಳಿದಿದ್ದೀರಾ ಎಂದು ಕೇಳಿದರು. ಮುಂದಿನ ವರ್ಷ ಒಂದು ಬಂದರಿಗೆ ಇಬ್ಬರೂ ಹೋಗಿ ಬಂದರು. ಅಲ್ಲಿ ಮೀನಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ ಎಂದು ಸರೋಜಮ್ಮ ನಗುತ್ತ ಹೇಳಿದ್ದರು. ಅಷ್ಟರಲ್ಲಿ ನನಗೆ ವಿಜಯವಾಡಕ್ಕೆ ವರ್ಗವಾಯಿತು.

ದರ್ಜಿಯ ಅಂಗಡಿಯಿಂದ ಭವಾನಿಪುರಂನ ಮನೆಗೆ ಬಂದವನೇ ರಾಯರಿಗೆ ಫೋನು ಮಾಡಿದೆ. ಮರುವಾರ ವಿಶಾಖಪಟ್ಟಣದ ಬೆಳಗಿನ ರೈಲು ಹಿಡಿದೆ. ಈಗ ವಸ್ತುವಿನ ಬೆಲೆ ಹೇಳುವ ಚಟ ನನಗಿಲ್ಲ. ಯಾರಾದರೂ ಕೇಳಿದರೆ, ತೆರೆದು ನೋಡಿದಿರಾ ಎಂದಷ್ಟೇ ಕೇಳುತ್ತೇನೆ.

ಅಂದು ಹಜಾರದಲ್ಲಿ ರಾಯರು ಕುರ್ಚಿಯಲ್ಲಿ ಕೂತಿದ್ದರು. ಗುಂಡಿಯ ಮುಂದೆ ಕೂತವರು ಸರೋಜಮ್ಮ. ಇಷ್ಟು ವರ್ಷ ಅವರು ಅದನ್ನು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಉಳಿದ ಐದರಲ್ಲಿ ಒಂದಾದ ಕೆಂಪು ಎಂಜಿನು ಏಳು ಡಬ್ಬಿ ಎಳೆಯುತ್ತಿತ್ತು. ಅವರು ವೇಗ ಹೆಚ್ಚಿಸಿದರು. ರಾಯರು ನಿಧಾನ ಎಂದರು. ಸರೋಜಮ್ಮ ಇನ್ನೂ ಹೆಚ್ಚಿಸಿದರು. ತಿರುವಿನಲ್ಲಿ ಎಂಜಿನು ಹಳಿ ತಪ್ಪಿ, ಮೇಜಿನಂಚು ದಾಟಿ, ನೆಲಕ್ಕೆ ಠಣ್ಣೆಂದು ಬಿತ್ತು. ರಾಯರೂ ನಾನೂ ಒಟ್ಟಿಗೆ ಎದ್ದೆವು.

ಸರೋಜಮ್ಮ ಕೂತಲ್ಲಿಂದಲೇ ಬಗ್ಗಿ ಅದನ್ನು ಎತ್ತಿಕೊಂಡು, ಸೆರಗಿನಿಂದ ಧೂಳು ಒರೆಸಿ, ಮತ್ತೆ ಹಳಿಯ ಮೇಲಿಟ್ಟರು.

"ಕೂತ್ಕೊಳ್ಳಿ ಇಬ್ರೂ" ಎಂದರು. "ಅದಕ್ಕೇನೂ ಆಗಲ್ಲ."